ಹಲಗೆಯ ಎಡಭಾಗ

ಮರದ ಹಲಗೆಯ ಮೇಲೆ ಫೋಟೋ ಇಳಿಸುವ ಕೆಲಸದಲ್ಲಿ ಕಷ್ಟವಾದದ್ದು ಅಂಟಿಸುವುದಲ್ಲ, ಉಜ್ಜುವುದು. ಅಂಟಿಸುವುದನ್ನು ಯಾರು ಬೇಕಾದರೂ ಮಾಡಬಹುದು. ಲೇಸರ್ ಪ್ರಿಂಟ್ ತೆಗೆಸಿದ ಹಾಳೆಯ ಮುಖಕ್ಕೆ ಗಟ್ಟಿ ಮೊಸರಿನಂಥ ಅಕ್ರಿಲಿಕ್ ಜೆಲ್ ಬಳಿದು, ಹಲಗೆಯ ಮೇಲೆ ಮಕಾಡೆ ಮಲಗಿಸಿ, ಗಾಳಿ ಗುಳ್ಳೆ ಉಳಿಯದಂತೆ ಒತ್ತಿ, ಒಂದು ದಿನ ಒಣಗಲು ಬಿಟ್ಟರಾಯಿತು. ಆಮೇಲೆ ಬೆನ್ನು ಮಾತ್ರ ಕಾಣುವ ಆ ಬಿಳಿ ಹಾಳೆಯನ್ನು ಒದ್ದೆ ಮಾಡಿ, ಬೆರಳ ತುದಿಯಿಂದ ಉಜ್ಜುತ್ತಾ ಕೂರಬೇಕು. ಅಭ್ಯಂಜನದ ದಿನ ಬೆನ್ನು ತಿಕ್ಕಿದಾಗ ಬರುವ ಕೊಳೆಯ ಹಾಗೆ ಕಾಗದ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಮಸಿ ಮಾತ್ರ ಮರವನ್ನು ಹಿಡಿದುಕೊಂಡು ಚಿತ್ರವಾಗಿ ಉಳಿಯುತ್ತದೆ. ಕಡಿಮೆ ಉಜ್ಜಿದರೆ ಮುಖಕ್ಕೆ ಬೂದಿ ಬಳಿದಂತೆ ಕಾಣುತ್ತದೆ. ಹೆಚ್ಚು ಉಜ್ಜಿದರೆ ಮುಖವೇ ಕಿತ್ತುಕೊಂಡು ಬರುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬೆರಳೇ ಕಲಿಯಬೇಕು, ಯಾರೂ ಹೇಳಿಕೊಡಲಾಗದು.

ಆ ಹದ ನಮ್ಮ ಮನೆಯಲ್ಲಿ ನನಗಿಂತ ನಮ್ಮ ಯಜಮಾನರಿಗೆ ಚೆನ್ನಾಗಿ ಸಿಕ್ಕಿತ್ತು. ಸಿಗದೆ ಏನು? ಚಾಮರಾಜಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವರ ಫೋಟೋ ಸ್ಟುಡಿಯೋ ಇತ್ತು. ಕಪ್ಪು ಬಿಳುಪಿನ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ತಿದ್ದುವುದನ್ನು ಕಲಿತವರು ಅವರು. ಮದುವೆಗೆ ಬಂದ ಹುಡುಗಿಯರ ಮೊಡವೆ, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವೂ ಆ ಪೆನ್ಸಿಲ್ಲಿನ ಮೊನೆಯಲ್ಲಿ ಮಾಯವಾಗುತ್ತಿದ್ದವು. ನಿಮ್ಮ ಫೋಟೋ ನೋಡಿ ಒಪ್ಪಿ, ಹುಡುಗಿಯನ್ನು ನೋಡಿ ಬೆಚ್ಚಿಬಿದ್ದ ಗಂಡಿನ ಕಡೆಯವರು ಈ ಊರಲ್ಲಿ ಎಷ್ಟು ಜನರಿದ್ದಾರೋ ಎಂದು ನಾನು ರೇಗಿಸುತ್ತಿದ್ದೆ. “ನಿನ್ನ ಫೋಟೋನೂ ನಾನೇ ತಿದ್ದಿದ್ದು, ಮರೀಬೇಡ” ಎಂದು ಅವರು ಬಾಯಿ ಮುಚ್ಚಿಸುತ್ತಿದ್ದರು.

ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೋಕ್ಕೆ ಪಾಸ್‌ಪೋರ್ಟ್ ಫೋಟೋದವರು ಮಾತ್ರ ಬರತೊಡಗಿದರು. ಆಮೇಲೆ ಅವರೂ ನಿಂತರು. ಮಕ್ಕಳಿಲ್ಲದ ಮನೆ ನಮ್ಮದು. ಇಬ್ಬರೂ ಎದುರು ಬದುರು ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾಲ ತಳ್ಳುವ ಜಾಯಮಾನ ನನ್ನದಲ್ಲ. ಮೊಬೈಲಿನಲ್ಲೇ ಯಾರೋ ತೋರಿಸುತ್ತಿದ್ದ ಈ ಹಲಗೆ ಕೆಲಸವನ್ನು ನೋಡಿ ನೋಡಿ, ನಾಲ್ಕಾರು ಹಲಗೆ ಹಾಳು ಮಾಡಿ ಕಲಿತೆ. ಯಜಮಾನರು ಮೊದಮೊದಲು ಮೂಗು ಮುರಿದರು. ಗೋಂದು ಹಚ್ಚೋದೂ ಒಂದು ಕಸುಬಾ ಎಂದರು. ನಾನು ಒಬ್ಬ ಅಜ್ಜಿಯ ಮೂಗನ್ನು ಉಜ್ಜಿ ಕಿತ್ತುಹಾಕಿದ ದಿನ ಮಾತ್ರ ಅವರಿಂದ ಸುಮ್ಮನಿರಲು ಆಗಲಿಲ್ಲ. “ಏಳು, ಏಳು, ಪಾತ್ರೆ ತಿಕ್ಕಿದಂಗೆ ತಿಕ್ಬೇಡ” ಎಂದು ನನ್ನನ್ನು ಎಬ್ಬಿಸಿ ತಾವು ಕೂತರು. ಅಂದಿನಿಂದ ಅಂಟಿಸುವುದು ನನ್ನ ಪಾಲು, ಉಜ್ಜುವುದು ಅವರ ಪಾಲು. ಕೆಸರೆಯ ಕಡೆಯ ಬಡಗಿಯೊಬ್ಬರು ಹಲಗೆ ಕೊಯ್ದು ನುಣುಪು ಮಾಡಿ ಕೊಡುತ್ತಿದ್ದರು. ಬೆಟ್ಟದ ಮೇಲೆ ಅಂಗಡಿ ಇಟ್ಟಿದ್ದ ಒಬ್ಬರು ಅಲ್ಲಿನ ಕಲ್ಲಿನ ಬಸವನ ಚಿತ್ರದ ಹಲಗೆಗಳನ್ನು ತಿಂಗಳು ತಿಂಗಳೂ ತೆಗೆದುಕೊಂಡು ಹೋಗುತ್ತಿದ್ದರು. ನಮ್ಮ ಸಂಸಾರದಲ್ಲಿ ಅಷ್ಟು ಮಾತುಕತೆ, ಅಷ್ಟು ಜಗಳ ಮದುವೆಯಾದ ಹೊಸದರಲ್ಲೂ ಇರಲಿಲ್ಲ. ನಾನು ಬಹಳ ಸುಖವಾಗಿದ್ದೆ ಎಂದು ಈಗ ಗೊತ್ತಾಗುತ್ತದೆ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆ, ಸ್ಕ್ಯಾನ್, ಐಸಿಯು ಬಾಗಿಲಿನ ಬೆಂಚು ಇವೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ, ಅದನ್ನು ಬರೆಯುವುದಿಲ್ಲ. ಎಡಗೈ ಎಡಗಾಲು ಬಿದ್ದುಹೋಗಿದ್ದವು. ಕಾಲು ನಿಧಾನವಾಗಿ ಬಂತು, ಕೋಲು ಹಿಡಿದು ನಡೆಯುವಷ್ಟಾಯಿತು. ಮಾತು ಸ್ಪಷ್ಟವಾಗಿಯೇ ಇತ್ತು, ನೆನಪೂ ಇತ್ತು, ಕೆಲಸದ ಬಲಗೈ ಗಟ್ಟಿಯಾಗಿತ್ತು. ಬಲಗೈ ಉಳಿಸಿದೆಯಲ್ಲ ತಾಯಿ, ಎಂದು ಬೆಟ್ಟದ ಕಡೆಗೆ ತಿರುಗಿ ಕೈ ಮುಗಿದು ಅವರನ್ನು ಮನೆಗೆ ಕರೆತಂದೆ.

ಮನೆಗೆ ಬಂದ ಮೇಲೆ ಊಟಕ್ಕೆ ಕೂತಾಗ, “ಪಲ್ಯ ಯಾಕ್ ಮಾಡಿಲ್ಲ?” ಎಂದರು. ತಟ್ಟೆಯ ಎಡಗಡೆ ಹುರುಳಿಕಾಯಿ ಪಲ್ಯ ಹಾಗೇ ಇತ್ತು. ಬಲಗಡೆಯ ಅನ್ನ ಮಾತ್ರ ಕತ್ತರಿಸಿ ತೆಗೆದಂತೆ ಖಾಲಿಯಾಗಿತ್ತು. ನನಗೆ ಸಿಟ್ಟು ಬಂತು. ಕಾಯಿಲೆಯವರಿಗೆಂದು ಎಣ್ಣೆ ಕಡಿಮೆ ಮಾಡಿದ್ದಕ್ಕೆ ಹೀಗೆ ಕುಹಕವಾಡುತ್ತಿದ್ದಾರೆ ಎಂದುಕೊಂಡೆ. ಕಣ್ಣೆದುರಿಗೇ ಇದೆಯಲ್ಲ, ಕಾಣಲ್ವೇ ಎಂದು ತಟ್ಟೆಯನ್ನು ಗರಕ್ಕನೆ ತಿರುಗಿಸಿದೆ. ಪಲ್ಯ ಬಲಕ್ಕೆ ಬಂತು. “ಓ, ಈಗ ಬಡಿಸಿದ್ಯಾ” ಎಂದು ಸಮಾಧಾನವಾಗಿ ಉಂಡರು. ಮಾರನೆಯ ದಿನ ಗಡ್ಡ ಮಾಡಿಕೊಂಡು ಬಂದರು, ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯಲ್ಲಿ ವಾರದ ಗಡ್ಡವಿತ್ತು. ಕನ್ನಡಿ ನೋಡಿಕೊಂಡೇ ಮಾಡಿಕೊಂಡಿದ್ದರು. ಅವತ್ತೇ ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಡಾಕ್ಟರು ಬಿಡಿಸಿ ಹೇಳಿದರು. ಕಣ್ಣಿಗೆ ಏನೂ ಆಗಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಿರುವುದರಿಂದ, ಎಡಗಡೆ ಎಂಬುದೊಂದು ಇದೆ ಎನ್ನುವುದೇ ಅವರ ಗಮನಕ್ಕೆ ಬರುವುದಿಲ್ಲ. ಕಾಣುವುದಿಲ್ಲ ಎಂದು ಅವರಿಗೆ ಅನಿಸುವುದೂ ಇಲ್ಲ. ಕಂಡಷ್ಟೇ ಪೂರ್ತಿ ಎಂದುಕೊಂಡಿರುತ್ತಾರೆ. ಸರಿಹೋಗುತ್ತದಾ ಎಂದು ಕೇಳಿದೆ. “ಹೋಗಬಹುದಮ್ಮ. ಬರೋದಿದ್ರೆ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಬರುತ್ತೆ. ಆಮೇಲೆ ಸ್ವಲ್ಪ ಕಷ್ಟ” ಎಂದರು. ಆ ಕೆಲವು ತಿಂಗಳು ಎಂಬ ಮಾತು ನನ್ನ ಕುತ್ತಿಗೆಯ ಮೇಲೆ ಕೂತಿತು.

ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಹೆಣ್ಣುಮಗಳು ನನಗೆ ಎರಡು ಅಪ್ಪಣೆ ಕೊಟ್ಟಳು. ಒಂದು, ಯಾವಾಗಲೂ ಅವರ ಎಡಗಡೆಯೇ ಕೂರಬೇಕು, ಎಡಗಡೆಯಿಂದಲೇ ಮಾತಾಡಿಸಬೇಕು, ಆಗ ಮೆಲ್ಲಗೆ ಆ ಕಡೆ ತಿರುಗುವ ಅಭ್ಯಾಸವಾಗುತ್ತದೆ. ಇನ್ನೊಂದು, ಎಡಕ್ಕೆ ಕಣ್ಣು ಹೋಗಲೇಬೇಕಾದಂಥ ಕೆಲಸ ಏನಾದರೂ ಕೈಗೆ ಕೊಡಬೇಕು. “ಅವರಿಗೆ ಇಷ್ಟವಾದದ್ದೇ ಆದ್ರೆ ಒಳ್ಳೇದು ಆಂಟಿ” ಎಂದಳು. ನಾನು ಅಟ್ಟದ ಮೇಲಿಟ್ಟಿದ್ದ ಹಲಗೆಗಳನ್ನು ಇಳಿಸಿದೆ.

ಊಟದ ಮೇಜಿನ ರೆಕ್ಸಿನ್ ಮೇಲೆ ಒದ್ದೆ ಟವೆಲ್ ಹಾಸಿ, ಹಲಗೆ ಜಾರದಂತೆ ಅದರ ಮೇಲಿಟ್ಟು, ಬಲಗಡೆ ಒಂದು ಬಟ್ಟಲು ನೀರಿಟ್ಟೆ. ಬೆಟ್ಟದ ಬಸವನ ಚಿತ್ರ, ಎಡಕ್ಕೆ ಮುಖ ಮಾಡಿ ಕೂತಿರುವುದು. ಯಜಮಾನರು ಬೆರಳು ಅದ್ದಿ ಕೆಲಸ ಶುರು ಮಾಡಿದರು. ಆ ಬೆರಳು ಹಾಳೆಯ ಮೇಲೆ ಓಡಾಡಿದ್ದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಏನೂ ಮರೆತಿರಲಿಲ್ಲ. ಎಲ್ಲಿ ಹಗುರ, ಎಲ್ಲಿ ಒತ್ತು, ಎಲ್ಲಿ ಒಣಬಟ್ಟೆಯಿಂದ ಒರೆಸಿ ನೋಡಬೇಕು, ಎಲ್ಲವೂ ಮೊದಲಿನಂತೆಯೇ. ಸ್ವಲ್ಪ ಹೊತ್ತಾದ ಮೇಲೆ ಕೈ ಒರೆಸಿಕೊಂಡು, “ತಗೋ, ಆಯ್ತು” ಎಂದರು.

ಬಸವನ ಹಿಂಭಾಗ ಬಂದಿತ್ತು. ಮಡಿಚಿಟ್ಟ ಕಾಲು, ಬಾಲ, ಹೊಟ್ಟೆಯ ಒಂದಷ್ಟು. ಅಷ್ಟೂ ಕೂದಲೆಳೆಯಷ್ಟು ತಪ್ಪಿಲ್ಲದೆ ಅಚ್ಚುಕಟ್ಟಾಗಿತ್ತು. ಅಲ್ಲಿಂದಾಚೆಗೆ ಸುಣ್ಣ ಹೊಡೆದ ಗೋಡೆಯ ಹಾಗೆ ಬರೀ ಕಾಗದ.

“ಬಸವನ ಮುಖ?” ಎಂದೆ, ಎಡಗಡೆಯಿಂದ. ಅವರು ಬಲಗಡೆ ಅಡುಗೆಮನೆಯ ಬಾಗಿಲಿನತ್ತ ನೋಡಿ ಉತ್ತರ ಕೊಟ್ಟರು. “ಇದ್ಯಲ್ಲೇ, ಪೂರ್ತಿ ಇದೆ. ನೋಡ್ಬುಡು ಸರಿಯಾಗಿ.”

ನನ್ನ ಮಾತು ಕೇಳಿಸುತ್ತಿತ್ತು. ಮಾತು ಎಲ್ಲಿಂದ ಬರುತ್ತಿದೆ ಎಂಬುದು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ನಾನು ಮಗ್ಗುಲಲ್ಲೇ ಮೊಣಕೈ ತಾಗುವಂತೆ ಕೂತಿದ್ದರೂ, ಒಳಗಿನಿಂದ ಕೂಗುತ್ತಿದ್ದೇನೆ ಎಂದುಕೊಂಡು ಅವರು ಅಡುಗೆಮನೆಯ ಜೊತೆ ಮಾತಾಡುತ್ತಿದ್ದರು. ಹೆಂಡತಿಯಾದವಳು ಗಂಡನ ಎಡಕ್ಕಿರಬೇಕು ಎಂದು ಹಿರಿಯರು ಮಾಡಿಟ್ಟಿದ್ದಾರೆ. ಆ ಪದ್ಧತಿ ಮಾಡಿದವರು ಸಿಕ್ಕಿದ್ದರೆ ನಾಲ್ಕು ಮಾತು ಕೇಳಬೇಕು ಎನಿಸುತ್ತಿತ್ತು. ವ್ಯಾಯಾಮದವಳ ಅಪ್ಪಣೆ ಮೀರಿ ಬಲಕ್ಕೆ ಹೋಗಿ ಕೂತರೆ ಮುಖ ಅರಳುತ್ತಿತ್ತು, ಬಂದ್ಯಾ ಎನ್ನುತ್ತಿದ್ದರು. ಆದರೆ ಅವರಿಗೆ ಒಳ್ಳೆಯದಾಗಬೇಕಾದರೆ ನಾನು ಅವರ ಪಾಲಿಗೆ ಇಲ್ಲದ ಕಡೆಯೇ ಕೂರಬೇಕಿತ್ತು.

ಹಲಗೆಯ ಉಳಿದರ್ಧವನ್ನು ನಾನು ಉಜ್ಜಿ ಮುಗಿಸುತ್ತಿದ್ದೆ. ಮೊದಲು ಅವರು ಮಲಗಿದ ಮೇಲೆ, ಹಿತ್ತಲಿನಲ್ಲಿ ಕದ್ದು ಕೂತು ಮಾಡುತ್ತಿದ್ದೆ. ಅವರಿಗೆ ಬೇಸರವಾದೀತು ಎಂದು. ಎಷ್ಟು ದಡ್ಡತನ! ಒಂದು ಸಂಜೆ ಅವರು ಬಲಭಾಗ ಉಜ್ಜುತ್ತಿರುವಾಗಲೇ ತಡೆಯಲಾರದೆ ಎಡತುದಿಯಿಂದ ನಾನೂ ಶುರು ಮಾಡಿದೆ. ಒಂದೇ ಹಲಗೆಯ ಮೇಲೆ ಇಬ್ಬರ ಬೆರಳೂ ಓಡಾಡುತ್ತಿದ್ದವು. ಅವರಿಗೆ ತಿಳಿಯಲೇ ಇಲ್ಲ. ಯಾವುದೋ ಹಳೆಯ ಗಿರಾಕಿಯ ಕಥೆ ಹೇಳಿಕೊಂಡು ನಗುತ್ತಾ ಅವರ ಪಾಲು ಮುಗಿಸಿದರು, ನಾನು ನನ್ನ ಪಾಲು ಮುಗಿಸಿದೆ. ಅಲ್ಲಿಂದಾಚೆಗೆ ಕದ್ದು ಮಾಡುವ ಪ್ರಮೇಯ ಬರಲಿಲ್ಲ.

ಆದರೆ ಒಂದು ಅನುಕೂಲವಾಯಿತು. ಅವರ ಎಡಗಡೆ ಎಷ್ಟು ಮರಳಿ ಬಂದಿದೆ ಎಂಬುದನ್ನು ಡಾಕ್ಟರನ್ನು ಕೇಳಬೇಕಾಗಿರಲಿಲ್ಲ, ಬಸವ ಹೇಳುತ್ತಿದ್ದ. ಉಜ್ಜಿದ್ದು ಎಲ್ಲಿ ನಿಂತಿತೋ ಅಲ್ಲಿಗೆ ಅವರ ಪ್ರಪಂಚ ನಿಂತಿತು ಎಂದು ಅರ್ಥ. ನಾನು ಪ್ರತಿ ಹಲಗೆಯ ಎಡ ಅಂಚಿಗೂ ಕೆಂಪು ಟೇಪು ಅಂಟಿಸತೊಡಗಿದೆ. “ಕೆಂಪು ಸಿಗೋವರ್ಗೂ ನಿಲ್ಲಿಸ್ಬೇಡಿ ಕಣ್ರೀ” ಎಂದು ಹೇಳುತ್ತಲೇ ಇರುತ್ತಿದ್ದೆ. ಕೆಲವು ವಾರದಲ್ಲಿ ಹೊಟ್ಟೆ ದಾಟಿ ಬೆನ್ನಿನ ಡುಬ್ಬ ಬಂತು. ಆಮೇಲೆ ಕೊರಳಿನ ಗಂಟೆಯ ಸರ. ಸರದ ಮೊದಲ ಗಂಟೆ ಕಂಡ ದಿನ ನಾನು ಪಾಯಸ ಮಾಡಿದೆ. ಏನು ವಿಶೇಷ ಎಂದರು. ಏನೂ ಇಲ್ಲ, ತಿನ್ನಿ ಎಂದೆ. ತಟ್ಟೆಯಲ್ಲಿ ಎಡಗಡೆಯ ಹಪ್ಪಳವೂ ಆ ದಿನ ಖಾಲಿಯಾಗಿತ್ತು. ಒಂದು ಬೆಳಿಗ್ಗೆ ನಾನು ಎಡಗಡೆಯಿಂದ ಕಾಫಿ ಎಂದಾಗ ಕತ್ತು ಅರೆಬರೆ ತಿರುಗಿತು. ಇನ್ನೊಂದು ದಿನ ಬಸವನ ಕಿವಿ ಬಂತು, ಕಿವಿಯ ಪಕ್ಕದಲ್ಲಿ ಕಣ್ಣಿನ ಒಂದು ಮೂಲೆಯೂ ಬಂತು. ಆ ಹಲಗೆಯನ್ನು ನಾನು ಪೂರ್ತಿ ಮಾಡಲಿಲ್ಲ, ಮಾರಲಿಲ್ಲ. ದೇವರ ಕೋಣೆಯ ಹೊರಗೆ ಗೋಡೆಗೆ ಒರಗಿಸಿಟ್ಟೆ. ಬಂದೇ ಬರುತ್ತದೆ ಎಂದು ಆಗ ನನಗೆ ಅಷ್ಟು ಧೈರ್ಯವಿತ್ತು.

ಬೆಟ್ಟದ ಅಂಗಡಿಯವರು ಹಲಗೆ ಒಯ್ಯಲು ಬಂದಾಗ ಅವರ ಕಣ್ಣು ಅದರ ಮೇಲೇ ಬಿತ್ತು. ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದೇನ್ ಮೇಡಂ, ಹೊಸ ಡಿಸೈನಾ? ಬಸವ ಬೆಳ್ಳಗೆ ಮಂಜಿಂದ ಎದ್ದು ಬಂದಂಗಿದೆ. ಈಗಿನ ಟೂರಿಸ್ಟುಗಳಿಗೆ ಅರ್ಧಂಬರ್ಧ ಇದ್ರೇನೇ ಆರ್ಟು. ಎಲ್ಲಾನೂ ಹಿಂಗೇ ಮಾಡ್ಕೊಟ್ಬುಡಿ” ಎಂದರು. ಪಾಪ, ಅವರಿಗೇನು ಗೊತ್ತು. ನಾನು ಮಾತ್ರ ಹಲಗೆಯನ್ನು ಅವರ ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡೆ. ಅದು ಮಾರೋದಲ್ಲ ಎಂದೆ. ಧ್ವನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂದಿರಬೇಕು. ಅವರು ಉಳಿದವನ್ನು ಚೀಲಕ್ಕೆ ತುಂಬಿಕೊಂಡರು. ಒಳಗಿನಿಂದ ಯಜಮಾನರು, “ಯಾಕ್ ಕೊಡ್ಲಿಲ್ಲ? ಚೆನ್ನಾಗೇ ಬಂದಿತ್ತಲ್ಲ” ಎಂದು ಕೇಳಿದರು.

ಆಮೇಲೆ ಅವರಿಗೆ ಜ್ವರ ಬಂತು. ದೊಡ್ಡದೇನಲ್ಲ, ಊರಲ್ಲೆಲ್ಲ ಇದ್ದ ಜ್ವರ. ನಾಲ್ಕೈದು ದಿನ ಮಲಗಿದ್ದು ಎದ್ದರು. ಎದ್ದು ಮೇಜಿನ ಮುಂದೆ ಕೂತು ಬೆರಳು ಅದ್ದಿದರು. ಆ ದಿನ ಬಸವನ ಬಾಲ ಬಂತು, ಕಾಲು ಬಂತು, ಅಷ್ಟೇ. ಸುಸ್ತಿರಬಹುದು ಎಂದುಕೊಂಡೆ. ಮರುದಿನವೂ ಅಷ್ಟೇ, ಮುಂದಿನ ವಾರವೂ ಅಷ್ಟೇ. ಪಲ್ಯ ಮತ್ತೆ ತಟ್ಟೆಯಲ್ಲಿ ಉಳಿಯತೊಡಗಿತು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯತೊಡಗಿತು. ಡಾಕ್ಟರಿಗೆ ಫೋನ್ ಮಾಡಿದೆ. ಹೀಗೂ ಆಗುವುದುಂಟು, ಮುಂದುವರಿಸಿ ಎಂದರು. ಏನನ್ನು ಮುಂದುವರಿಸಲಿ? ಇರುವ ದಾರಿ ಒಂದೇ, ಎಡಗಡೆ ಕೂರುವುದು, ಕರೆಯುವುದು. ಕೂತೆ, ಕರೆದೆ. ಬಾವಿಗೆ ಬಿದ್ದ ಕೊಡವನ್ನು ಮೇಲಿನಿಂದ ನೋಡುತ್ತಾ ನಿಂತ ಹಾಗೆ ದಿನಗಳು ಹೋದವು.

ಒಂದು ದಿನ ನನ್ನ ಸಹನೆಯ ಕಟ್ಟೆ ಒಡೆಯಿತು. ಅವರು ಅದೇ ಕಾಲು, ಅದೇ ಬಾಲ ಉಜ್ಜಿ, “ಆಯ್ತು” ಎಂದಾಗ ನಾನು ಮೇಜು ಗುದ್ದಿ ಕಿರುಚಿದೆ.

“ಎಡಕ್ಕೆ ತಿರುಗ್ರೀ! ಒಂದ್ಸಲ, ಒಂದೇ ಒಂದ್ಸಲ ಈ ಕಡೆ ತಿರುಗಿ!”

ಅವರು ಬೆಚ್ಚಿದರು. ಬಾಗಿಲಿನ ಕಡೆ ನೋಡಿದರು. ನಾನು ಅಲ್ಲಿ ಕಾಣಲಿಲ್ಲ. ಮುಖ ಕೆಂಪಾಯಿತು. “ತಿರುಗೇ ಇದೀನಲ್ಲೇ! ಇನ್ನೆಷ್ಟು ತಿರುಗ್ಲಿ? ದಿನಾ ಮಾಡ್ಕೊಡ್ತಾನೇ ಇದೀನಿ, ದಿನಾ ಏನಾದ್ರೂ ಕೊಂಕು ತೆಗೀತೀಯ. ಬಸವ ಇದಾನೆ, ಬಾಲ ಇದೆ, ಕಾಲಿದೆ, ಎಲ್ಲಾ ಇದೆ. ಇನ್ನೇನ್ ಬೇಕು ನಿಂಗೆ?”

ನನಗೆ ಏನು ಬೇಕು ಎಂದು ಹೇಗೆ ಹೇಳಲಿ? ಅವರಿಗೆ ಕೊರತೆ ಎಂಬುದೇ ಇರಲಿಲ್ಲ. ಕೊರತೆ ಇದ್ದದ್ದು ನನಗೆ. ಕುರುಡರಿಗೆ ಕಾಣುವುದಿಲ್ಲ ಎಂದು ಗೊತ್ತಿರುತ್ತದೆ, ಕೈ ಹಿಡಿದರೆ ಬರುತ್ತಾರೆ. ಇವರ ಕೈ ಹಿಡಿದರೆ ಎಲ್ಲಿಗೆ ಎನ್ನುತ್ತಾರೆ, ಹೋಗಬೇಕಾದ ಜಾಗ ಇದೆ ಎಂದೇ ನಂಬುವುದಿಲ್ಲ. ನಾನು ಸೋತು ಹೋಗಿದ್ದೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಡಾಕ್ಟರು ಹೇಳಿದ ತಿಂಗಳುಗಳು ಮುಗಿಯುತ್ತಾ ಬಂದಿದ್ದವು. ಆಗಲೇ ನನಗೆ ಮದುವೆಯ ಫೋಟೋದ ಯೋಚನೆ ಬಂದದ್ದು. ಬಸವನಿಗಾಗಿ ತಿರುಗದವರು ನನಗಾಗಿ ತಿರುಗಿಯಾರು ಎಂಬ ಆಸೆ. ಹುಚ್ಚು ಎನ್ನಿ, ಹಟ ಎನ್ನಿ. ಇಷ್ಟು ವರ್ಷ ಜೊತೆಗಿದ್ದವಳಿಗೆ ಅಷ್ಟೂ ಹಕ್ಕಿಲ್ಲವೇ ಎಂಬ ಜಂಬವೂ ಸ್ವಲ್ಪ ಇತ್ತು.

ಅದು ಅವರಿಗೆ ಫೋಟೋ ಕೆಲಸ ಕಲಿಸಿದ ಗುರುಗಳೇ ತೆಗೆದ ಕಪ್ಪು ಬಿಳುಪು ಫೋಟೋ. ಮಂಟಪದಲ್ಲೇ ಮದುಮಗನಾಗಿ ನಿಂತುಕೊಂಡು, ಲೈಟು ಇನ್ನೂ ಸ್ವಲ್ಪ ಹಿಂದಕ್ಕೆ ಎಂದು ಗುರುಗಳಿಗೇ ಹೇಳಿಕೊಟ್ಟಿದ್ದರು ಎಂಬುದು ನಮ್ಮ ತವರಿನಲ್ಲಿ ಇಂದಿಗೂ ನಗುವಿನ ಮಾತು. ನಾನು ಅವರ ಎಡಕ್ಕೆ ನಿಂತಿದ್ದೆ. ಎಂದರೆ ಫೋಟೋ ನೋಡುವವರಿಗೆ ಅವರು ಎಡಗಡೆ, ನಾನು ಬಲಗಡೆ. ಹಾಗೇ ಹಲಗೆಗೆ ಇಳಿಸಿದರೆ ನಾನು ಸುಲಭವಾಗಿ ಸಿಕ್ಕಿಬಿಡುತ್ತಿದ್ದೆ. ನನಗೆ ಬೇಕಾದದ್ದು ಅದಲ್ಲ.

ಮಕಾಡೆ ಅಂಟಿಸುವುದರಿಂದ ಈ ಕೆಲಸದಲ್ಲಿ ಎಡಬಲ ಅದಲು ಬದಲಾಗುತ್ತದೆ. ಅದಕ್ಕೇ ಪ್ರಿಂಟ್ ತೆಗೆಸುವಾಗಲೇ ಚಿತ್ರವನ್ನು ತಿರುವಿ ತೆಗೆಸುತ್ತೇವೆ. ಜೆರಾಕ್ಸ್ ಅಂಗಡಿಯಾಕೆಗೆ ಅದು ಅಭ್ಯಾಸವಾಗಿತ್ತು, ನನ್ನ ಮುಖ ಕಂಡ ಕೂಡಲೇ ತಿರುವಿಬಿಡುತ್ತಿದ್ದಳು. ಈ ಸಲ ಬೇಡ, ಇದ್ದಂತೆಯೇ ತೆಗೆ ಎಂದೆ. “ಹಲಗೆ ಮೇಲೆ ಉಲ್ಟಾ ಆಗೋಯ್ತದಲ್ಲ ಅಮ್ಮ” ಎಂದಳು. ಆಗಲಿ ಎಂದೆ. ಉಲ್ಟಾ ಆದರೆ ಮದುಮಗ ಬಲಕ್ಕೆ ಬರುತ್ತಾನೆ, ಮದುಮಗಳು ಎಡಕ್ಕೆ ಹೋಗುತ್ತಾಳೆ. ತನ್ನನ್ನು ಕಂಡ ಮೇಲೆ ಪಕ್ಕದವಳನ್ನು ಹುಡುಕಿಕೊಂಡು ಆ ಕಡೆ ಬರಲೇಬೇಕಲ್ಲ.

ಸಂಜೆಯ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿತ್ತು. ನಾನು ಎಂದಿನಂತೆ ಅವರ ಎಡಕ್ಕೆ ಕೂತೆ. ಯಾರ ಫೋಟೋ ಎಂದು ಹೇಳಲಿಲ್ಲ. ಅವರು ಬಲ ಅಂಚಿನಿಂದ ಶುರು ಮಾಡಿದರು. ಪಂಚೆಯ ಅಂಚು ಬಂತು, ತೋಳು ಬಂತು, ಹಾರ ಬಂತು. ಆಮೇಲೆ ಮುಖ. ಬೆರಳು ನಿಂತಿತು. ಬಟ್ಟೆಯಿಂದ ಒತ್ತಿ ಒರೆಸಿ, ಬಗ್ಗಿ ನೋಡಿದರು.

“ಅಯ್ಯೋ, ನಾನು!” ಎಂದು ನಕ್ಕರು. “ಎಷ್ಟು ತೆಳ್ಳಗಿದ್ದೆ ನೋಡೇ. ಮೀಸೆ ನೋಡು, ಜೋರು!”

“ಹೌದು ಕಣ್ರೀ, ಜೋರಾಗಿದ್ರಿ” ಎಂದೆ.

ಅವರು ನಗುತ್ತಲೇ ಮುಂದುವರಿಸಿದರು. ಮದುಮಗನ ಕೈಯನ್ನು ಬೆರಳು ಬೆರಳಾಗಿ ಬಿಡಿಸಿದರು. ಮಣಿಕಟ್ಟಿಗೆ ಬಂದಾಗ ಮತ್ತೆ ನಿಂತರು. ಹುಬ್ಬು ಗಂಟಿಕ್ಕಿತು. ಅದು ಸ್ಟುಡಿಯೋದ ದಿನಗಳ ಮುಖ, ಬಹಳ ದಿನದಿಂದ ನಾನು ನೋಡಿರಲಿಲ್ಲ.

“ಯಾರೇ ಪ್ರಿಂಟ್ ತೆಗೆದಿದ್ದು ಇದನ್ನ?” ಎಂದು ಅಡುಗೆಮನೆಯತ್ತ ಕೂಗಿದರು. “ಉಲ್ಟಾ ಹಾಕ್ಬುಟ್ಟಿದಾರಲ್ಲ! ಕಂಕಣ ನೋಡು, ಎಡಗೈಗೆ ಬಂದಿದೆ. ಗಂಡಿಗೆ ಯಾರಾದ್ರೂ ಎಡಗೈಗೆ ಕಂಕಣ ಕಟ್ತಾರಾ? ನೆಗೆಟಿವ್ ತಿರುಗಿಸಿ ಇಟ್ಬುಟ್ಟಿದಾರೆ, ಕತ್ತೆಗಳು. ನಮ್ಮ ಸ್ಟುಡಿಯೋದಲ್ಲಿ ಇಂಥದು ಒಂದು ಆಗಿದ್ರೆ ಕೇಳು.”

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇಷ್ಟು ದಾರದ ತುಂಡನ್ನು ಕಂಡು ಚಿತ್ರವೇ ತಿರುಗಿದೆ ಎಂದು ಹಿಡಿದ ಮನುಷ್ಯನಿಗೆ, ಹೆಂಡತಿ ಎಲ್ಲಿ ಎಂದು ಕಂಡುಹಿಡಿಯುವುದು ದೊಡ್ಡದೇ?

“ಉಲ್ಟಾ ಅಂತ ಗೊತ್ತಾಯ್ತಲ್ಲ” ಎಂದೆ. “ಹಂಗಾದ್ರೆ ಹುಡುಗಿ ಯಾವ ಕಡೆ ಇರ್ಬೇಕು, ಹೇಳಿ ನೋಡೋಣ.”

“ಯಾವ ಹುಡುಗಿ?”

“ಮದುವೆ ಹುಡುಗಿ, ರೀ. ನಾನು.”

“ಹೌದಲ್ಲ” ಎಂದರು. ಹಲಗೆಯನ್ನು ನೋಡಿದರು. “ನೀನಿಲ್ಲಿಲ್ವಲ್ಲ. ನೀನಿದ್ದೆ. ನನ್ನ ಪಕ್ಕದಲ್ಲೇ ನಿಂತಿದ್ದೆ, ಅಳ್ತಾ ಇದ್ದೆ, ಗುರುಗಳು ಅಳಬೇಡಮ್ಮ ಅಂದ್ರು. ನೀನು ಈ ಕಡೆ ಬರ್ಬೇಕು. ಉಲ್ಟಾ ಆದ್ರೆ...”

ಉಲ್ಟಾ ಆದರೆ ಆ ಕಡೆ ಎಂದು ಅವರ ಕಸುಬಿಗೆ ಗೊತ್ತಿತ್ತು. ಆದರೆ ಆ ಕಡೆ ಎಂಬುದೇ ಅವರಿಗಿರಲಿಲ್ಲ. ನಂತರ ಬೆರಳನ್ನು ಬಟ್ಟಲಲ್ಲಿ ಅದ್ದಿ, ಹಲಗೆಯ ಬಲತುದಿಯಲ್ಲಿ ಉಳಿದಿದ್ದ ಬರೀ ಮರವನ್ನು ಉಜ್ಜತೊಡಗಿದರು. ಅಲ್ಲಿ ಕಾಗದ ಇರಲಿಲ್ಲ. ಬೆರಳು ಹಲಗೆಯ ಅಂಚಿಗೆ ಬಂತು, ಅಂಚು ದಾಟಿತು, ಟವೆಲ್ ದಾಟಿತು, ರೆಕ್ಸಿನ್ ಮೇಲೆ ಇಳಿಯಿತು. ಅಲ್ಲಿಯೂ ಅದೇ ಹದದಲ್ಲಿ, ಮುಖದ ಹತ್ತಿರ ಉಜ್ಜುವಾಗಿನ ಅದೇ ಹಗುರದಲ್ಲಿ, ಸುತ್ತಿ ಸುತ್ತಿ ಉಜ್ಜುತ್ತಿದ್ದರು. ನೀರು ಹರಡಿ ಮೇಜಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು.

“ಇಲ್ಲೇ ಇದ್ದೆ ಕಣೇ” ಎಂದು ಗೊಣಗುತ್ತಿದ್ದರು. “ಬರ್ತೀಯ, ತಡಿ. ಬರ್ತೀಯ.”

ನಾನು ಕೆಂಪು ಟೇಪಿನ ಅಂಚನ್ನು ಬಡಿದೆ. ರೀ, ಇಲ್ಲಿ ಎಂದೆ. ಅವರ ಎಡಗೈ ನನ್ನ ಮುಂದೆ ಸುಮ್ಮನೆ ಬಿದ್ದಿತ್ತು, ಅದನ್ನು ಹಿಡಿದು ಅಲುಗಾಡಿಸಿದೆ. ನನ್ನ ಧ್ವನಿ ಕೇಳಿದಾಗಲೆಲ್ಲ ಅವರು ಇನ್ನೂ ಬಲಕ್ಕೆ ವಾಲುತ್ತಿದ್ದರು, ಬೆರಳು ಇನ್ನೂ ದೂರಕ್ಕೆ ಹೋಗುತ್ತಿತ್ತು. ನಾನು ಕರೆದಷ್ಟೂ ನನ್ನಿಂದ ದೂರವಾಗುತ್ತಿದ್ದರು. ಹಾಗೆ ವಾಲಿದರೆ ಕುರ್ಚಿಯಿಂದ ಬಿದ್ದೇಬಿಡುತ್ತಾರೆ ಎಂದು ಭಯವಾಯಿತು.

ಕರೆಯುವುದನ್ನು ನಿಲ್ಲಿಸಿದೆ. ಎದ್ದು, ಅವರ ಕುರ್ಚಿಯ ಹಿಂದಿನಿಂದ ಸುತ್ತಿ ಬಂದು, ಬಲಗಡೆ ನಿಂತು ಭುಜ ಹಿಡಿದುಕೊಂಡೆ. ಅವರು ತಲೆಯೆತ್ತಿ ನೋಡಿದರು. ಒದ್ದೆ ಬೆರಳಿನಿಂದಲೇ ನನ್ನ ಮಣಿಕಟ್ಟು ಹಿಡಿದರು.

“ಎಲ್ಲೋಗ್ಬುಟ್ಟಿದ್ದೆ? ಆಗ್ಲಿಂದ ಹುಡುಕ್ತಾ ಇದೀನಿ.”

“ಒಳಗಿದ್ದೆ ಕಣ್ರೀ” ಎಂದೆ. “ಈಗ್ ಬಂದೆ.”